ತೂತಿನ ಕ್ಯಾರಿಯರ್

ಐವತ್ತು ತುಂಬುವವರೆಗೆ ಅವಳನ್ನು ಯಾರೂ ಬೇಸಿನ್ ಅಕ್ಕ ಎಂದು ಕರೆದಿರಲಿಲ್ಲ. ಕೈ ತೊಳೆಯುವ ಬೇಸಿನ್ನು, ಕಮೋಡು ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ದುಡಿದವಳು ಅವಳು. ಅಲ್ಲಿದ್ದವರೆಲ್ಲ ಬೇಸಿನ್ನಿನವರೇ ಆಗಿದ್ದಾಗ ಯಾರು ಯಾರನ್ನು ಹಾಗೆ ಕರೆಯಬೇಕು? ಕಾರ್ಖಾನೆಗೆ ಬೀಗ ಬಿದ್ದು, ಅವಳು ದೊಡ್ಡಾಸ್ಪತ್ರೆಯ ಹಿಂಬದಿಯ ಪ್ರಯೋಗಾಲಯಕ್ಕೆ ಬಂದು ಸೇರಿದ ಮೊದಲ ವಾರದಲ್ಲೇ ಈ ಹೆಸರು ಅಂಟಿಕೊಂಡಿತು. ಇಟ್ಟವರು ಕೆಟ್ಟ ಮನಸ್ಸಿನಿಂದ ಇಟ್ಟಿರಲಿಲ್ಲ. ಅವಳೂ ಬೇಸರ ಮಾಡಿಕೊಳ್ಳಲಿಲ್ಲ. ಬೇಸರ ಮಾಡಿಕೊಳ್ಳುವುದಕ್ಕೂ ಒಂದಿಷ್ಟು ಚೈತನ್ಯ ಬೇಕಲ್ಲ.

ಅವಳು ಅಲ್ಲಿಗೆ ಬಂದದ್ದು ಗಂಡನಿಂದಾಗಿ. ಗಂಡ ಅದೇ ಕಾರ್ಖಾನೆಯಲ್ಲಿ ಭಟ್ಟಿ ಮೇಸ್ತ್ರಿಯಾಗಿದ್ದ. ಕಾರ್ಖಾನೆ ಮುಚ್ಚುವ ತಿಂಗಳು ಪ್ರಯೋಗಾಲಯದ ಮುಖ್ಯಸ್ಥೆ, ಎಲ್ಲರೂ ದೊಡ್ಡ ಮೇಡಂ ಎನ್ನುವ ಹೆಂಗಸು, ಅಲ್ಲಿದ್ದ ಚಿಕ್ಕ ಭಟ್ಟಿಯನ್ನು ನೋಡಲು ಬಂದಿದ್ದರು. ಭಟ್ಟಿಯೇನೋ ಸಿಕ್ಕಿತು, ಅದನ್ನು ನಡೆಸುವವರು ಯಾರು ಎಂದು ಕೇಳಿದರು. ಮೇಸ್ತ್ರಿಗೆ ಅಷ್ಟರಲ್ಲಾಗಲೇ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಮೂವತ್ತು ವರ್ಷ ಒಳಕ್ಕೆಳೆದ ಬಿಳಿ ಧೂಳು ಎದೆಗೂಡಿನಲ್ಲಿ ಬಿಡಾರ ಹೂಡಿತ್ತು. ಅವನು ಗೋಡೆಗೆ ಕೈ ಊರಿಕೊಂಡು ಹೆಂಡತಿಯ ಕಡೆ ತೋರಿಸಿದ.

"ಇವಳನ್ನ ಕರ್ಕೊಂಡು ಹೋಗಿ ಮೇಡಂ. ಕಣ್ಣು ಸೂಜಿ ಇದ್ದ ಹಾಗೆ. ಭಟ್ಟಿ ವಿಷಯ ನಾನು ಮನೇಲಿ ಕೂತ್ಕೊಂಡೇ ಹೇಳಿಕೊಡ್ತೀನಿ."

ಕಣ್ಣಿನ ಮಾತು ಸುಳ್ಳಲ್ಲ. ಬೆಂದು ಹೊರಬಂದ ಬೇಸಿನ್ನನ್ನು ದೀಪದ ಕೆಳಗೆ ತಿರುಗಿಸಿ ನೋಡಿ, ಮೇಲಿನ ಹೊಳಪಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಪಕ್ಕಕ್ಕೆ ಎತ್ತಿಡುವುದು ಅವಳ ಕೆಲಸವಾಗಿತ್ತು. ಇಪ್ಪತ್ತಾರು ವರ್ಷ ತೂತನ್ನು ಹುಡುಕಿ ಹುಡುಕಿ ತಿರಸ್ಕರಿಸಿದವಳು. ಪ್ರಯೋಗಾಲಯದಲ್ಲಿ ದೊಡ್ಡ ಮೇಡಂ ಮೊದಲ ದಿನವೇ ಅವಳ ಅಂಗೈಯಲ್ಲಿ ಸಕ್ಕರೆ ಗಟ್ಟಿಯಂಥ ಒಂದು ಬಿಳಿ ಬಿಲ್ಲೆ ಇಟ್ಟರು. ಮೈಯೆಲ್ಲ ತೂತು.

"ಇದು ಕೆಟ್ಟುಹೋಗಿದೆಯಲ್ಲ ಮೇಡಂ," ಅಂದಳು.

ದೊಡ್ಡ ಮೇಡಂ ನಕ್ಕರು. "ಇಲ್ಲಿ ತೂತು ಇಲ್ಲದಿದ್ರೆ ಕೆಟ್ಟದ್ದು ಅಂತ ಲೆಕ್ಕ. ಇದನ್ನ ಕ್ಯಾರಿಯರ್ ಅಂತೀವಿ."

ಕ್ಯಾರಿಯರ್ ಎಂದರೆ ಅವಳಿಗೆ ಗೊತ್ತಿದ್ದದ್ದು ಊಟದ್ದು. ಮುಖ ನೋಡಿಯೇ ಮೇಡಂಗೆ ಅರ್ಥವಾಗಿರಬೇಕು, ಒಂದು ಸ್ಟೂಲು ಎಳೆದು ಅವಳನ್ನು ಕೂರಿಸಿ ಹೇಳಿದರು. ಮುರಿದ ಮೂಳೆ ಸಾಮಾನ್ಯವಾಗಿ ತಾನೇ ಕೂಡಿಕೊಳ್ಳುತ್ತದೆ. ಆದರೆ ಅಪಘಾತದಲ್ಲೋ ಕೀವಾಗಿಯೋ ನಡುವೆ ಎರಡು ಬೆರಳಗಲ ಮೂಳೆ ಹೊರಟೇಹೋಗಿದ್ದರೆ ಆ ಕಂದಕವನ್ನು ದೇಹ ದಾಟಲಾರದು. ಆಗ ರೋಗಿಯ ಸೊಂಟದ ಮೂಳೆಯೊಳಗಿನ ಮಜ್ಜೆಯಿಂದ ಒಂದಿಷ್ಟು ಜೀವಕೋಶ ತೆಗೆದು, ಹೊರಗೆ ಬೆಳೆಸಿ, ಇಂಥ ಬಿಲ್ಲೆಗಳಲ್ಲಿ ಕೂರಿಸಿ, ಆ ಕಂದಕದಲ್ಲಿ ತುಂಬುತ್ತಾರೆ.

"ಸೆಲ್ಲುಗಳಿಗೆ ನಿಲ್ಲೋಕೆ ಒಂದು ಮನೆ ಬೇಕು. ಗೋಡೆನೂ ಬೇಕು, ಬಾಗಿಲೂ ಬೇಕು. ಬಾಗಿಲು ಮುಚ್ಚಿಹೋದ್ರೆ ನಡುಮನೇಲಿ ಇರೋವು ಅನ್ನನೀರಿಲ್ಲದೆ ಸಾಯ್ತವೆ. ಚೆನ್ನಾಗಿದ್ರೆ ಅವು ಅಲ್ಲೇ ಹೊಸ ಮೂಳೆ ಕಟ್ತವೆ, ನೀವು ಕಟ್ಟಿಕೊಟ್ಟ ಮನೆ ನಿಧಾನಕ್ಕೆ ಕರಗಿಹೋಗುತ್ತೆ."

ಆ ದಿನ ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ಕೆಮ್ಮು ನಿಂತ ಮೇಲೆ ಅಂದ, "ಅಂದ್ರೆ ಒಟ್ಟು ಊಟದ ಕ್ಯಾರಿಯರ್ರೇ. ತಿನ್ನೋರು ಮಾತ್ರ ಅದರೊಳಗೇ ಕೂತಿರ್ತಾರೆ."

ಕೆಲಸ ಹೇಳುವುದಕ್ಕೆ ಸುಲಭ. ಸ್ಪಂಜನ್ನು ಬೆರಳ ಗೆಣ್ಣಿನಷ್ಟು ತುಂಡು ಮಾಡಬೇಕು. ಮೂಳೆಯಲ್ಲಿರುವ ಸುಣ್ಣದಂಥದ್ದೇ ಒಂದು ಪುಡಿಯನ್ನು ನೀರಿನಲ್ಲಿ ಕದಡಿ, ಮೊಸರಿನಷ್ಟು ಗಟ್ಟಿ ಮಾಡಿ, ಅದರಲ್ಲಿ ತುಂಡುಗಳನ್ನು ಅದ್ದಿ, ಹಿಂಡಿ, ಗಾಳಿ ಊದಿ ಹೆಚ್ಚಾದದ್ದನ್ನು ಹೊರಗೆ ಹಾಕಿ ಒಣಗಿಸಬೇಕು. ಆಮೇಲೆ ಭಟ್ಟಿ. ಬೆಂಕಿಯಲ್ಲಿ ಸ್ಪಂಜು ಸುಟ್ಟು ಹೊಗೆಯಾಗಿ ಹೋಗುತ್ತದೆ, ಅದರ ಮೈಗೆ ಅಂಟಿದ್ದ ಬಿಳಿ ಪದರ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಕಡಿಮೆ ಹಿಂಡಿದರೆ ತೂತುಗಳ ಬಾಯಿಗೆ ಕೆನೆ ಕಟ್ಟಿದ ಹಾಗೆ ಪೊರೆ ಕಟ್ಟುತ್ತದೆ. ಹೆಚ್ಚು ಹಿಂಡಿದರೆ ಗೋಡೆ ತೆಳುವಾಗಿ ಮುಟ್ಟಿದರೆ ಪುಡಿ. ಎಷ್ಟು ಹಿಂಡಬೇಕೆಂಬುದನ್ನು ಯಾವ ಯಂತ್ರವೂ ಅವಳ ಹೆಬ್ಬೆರಳಿನಷ್ಟು ಸರಿಯಾಗಿ ಹೇಳಲಿಲ್ಲ.

ಮೊದಲ ಆರು ತಿಂಗಳು ಹತ್ತರಲ್ಲಿ ಏಳು ಬಿಲ್ಲೆ ಸೀಳಿಬರುತ್ತಿದ್ದವು. ಪುಸ್ತಕ ನೋಡಿ ಇಟ್ಟ ಶಾಖ ಅದು. ಅವಳು ಮನೆಯಲ್ಲಿ ಕೇಳಿದಳು. ಮೇಸ್ತ್ರಿ ಮಂಚದ ಮೇಲೆ ದಿಂಬಿಗೆ ಒರಗಿ, ಒಂದೊಂದೇ ಮಾತನ್ನು ಉಸಿರಿನ ಜೊತೆ ಹೊರಗೆ ತಂದ.

"ಸ್ಪಂಜು ಹೊಗೆಯಾಗಿ ಹೊರಗೆ ಹೋಗೋಕೆ ಪುರುಸೊತ್ತು ಕೊಡು. ಇನ್ನೂರು ಡಿಗ್ರಿಯಿಂದ ನಾನೂರಕ್ಕೆ ಏರೋ ಹೊತ್ತಲ್ಲಿ ಆಮೆ ನಡೆದ ಹಾಗೆ ನಡೆಸು. ಅವಸರ ಮಾಡಿದ್ರೆ ಹೊಗೆ ಗೋಡೆ ಒಡ್ಕೊಂಡೇ ಹೋಗೋದು."

ಹಾಗೇ ಮಾಡಿದಳು. ಸೀಳು ನಿಂತಿತು. ದೊಡ್ಡ ಮೇಡಂ ಆ ವೇಗವನ್ನು ಪುಸ್ತಕದಲ್ಲಿ ಬರೆದುಕೊಂಡರು. ಮುಂದಿನ ತಿಂಗಳು ಮೇಸ್ತ್ರಿಗೆ ಮನೆಯಲ್ಲಿಟ್ಟುಕೊಳ್ಳುವ ಆಮ್ಲಜನಕದ ಯಂತ್ರ ಬೇಕಾದಾಗ, ಆಸ್ಪತ್ರೆಯ ಯಂತ್ರವೊಂದನ್ನು ಸಿಬ್ಬಂದಿಯ ಮನೆಯವರಿಗೆಂದು ಬರೆಸಿ ಕೊಡಿಸಿದವರೂ ಅವರೇ. ಅದು ಮಂಚದ ಪಕ್ಕದಲ್ಲಿ ದಿನವಿಡೀ ಗುರ್ ಎನ್ನುತ್ತ ಕೂತಿರುತ್ತಿತ್ತು. ಮನೆಗೆ ಇನ್ನೊಬ್ಬ ನೆಂಟ ಬಂದು ಎದ್ದುಹೋಗದ ಹಾಗೆ.

ಅವಳ ದಿನಗಳು ಹೀಗೇ ಸಾಗಿದವು. ಬೆಳಗ್ಗೆ ಎದ್ದು ಅಡುಗೆ ಮಾಡಿ, ಅವನಿಗೆ ಮೈ ಒರೆಸಿ, ಬಟ್ಟೆ ಬದಲಾಯಿಸಿ, ಔಷಧಿ, ನೀರು, ಮೊಬೈಲು ಎಲ್ಲ ಕೈಗೆಟುಕುವಂತೆ ಇಟ್ಟು, ಪಕ್ಕದ ಮನೆಯಾಕೆಗೆ ಒಂದು ಮಾತು ಹೇಳಿ, ಎರಡು ಬಸ್ಸು ಹತ್ತಿಳಿದು ಕೆಲಸಕ್ಕೆ. ಅಲ್ಲಿ ನಿಂತೇ ಎಂಟು ಗಂಟೆ. ಮತ್ತೆ ಎರಡು ಬಸ್ಸು. ಮಲಗಿದರೆ ಅವನ ಕೆಮ್ಮಿಗೆ ಎಚ್ಚರ, ಕೆಮ್ಮು ನಿಂತರೆ ಯಾಕೆ ನಿಂತಿತೆಂದು ಎಚ್ಚರ. ಬೆನ್ನುನೋವು, ಮಂಡಿನೋವು ಎಂದು ಹೆಸರಿಟ್ಟು ಹೇಳುವಂಥ ನೋವೇನೂ ಇರಲಿಲ್ಲ. ಒದ್ದೆ ಬಟ್ಟೆ ಉಟ್ಟುಕೊಂಡೇ ಓಡಾಡಿದ ಹಾಗೆ ಮೈ ಭಾರ, ಅಷ್ಟೆ. ಯಾರಾದರೂ "ಹೇಗಿದ್ದೀರಿ ಅಕ್ಕ" ಎಂದರೆ "ಇದ್ದೀನಪ್ಪ" ಅನ್ನುತ್ತಿದ್ದಳು.

ಹೀಗೆ ಮೂರು ವರ್ಷ ಕಳೆದ ಮೇಲೆ ಪ್ರಾಣಿಗಳ ಮೇಲಿನ ಪರೀಕ್ಷೆಗಳೆಲ್ಲ ಮುಗಿದು ಮನುಷ್ಯರ ಮೇಲೆ ಮಾಡುವುದಕ್ಕೆ ಅನುಮತಿ ಬಂತು. ಒಟ್ಟು ಆರು ಜನ ರೋಗಿಗಳು. ಮೊದಲನೆಯವನು ಲಿಫ್ಟ್ ರಿಪೇರಿಯವನು, ನಲವತ್ತರ ಆಸುಪಾಸಿನವನು. ಲಿಫ್ಟಿನ ಗುಂಡಿಗೆ ಬಿದ್ದು ಮೊಣಕಾಲಿನ ಕೆಳಗಿನ ಮೂಳೆ ನುಚ್ಚಾಗಿತ್ತು. ಎರಡು ವರ್ಷದಲ್ಲಿ ನಾಲ್ಕು ಆಪರೇಷನ್ ಆಗಿಯೂ ಕೂಡಿರಲಿಲ್ಲ. ಕಾಲಿನ ಹೊರಗೆ ಉಂಗುರ, ಸರಳು ಬಿಗಿದುಕೊಂಡು ಅವನು ಊರುಗೋಲಿನ ಮೇಲೆ ಓಡಾಡುತ್ತಿದ್ದ. ಅವನ ಮಜ್ಜೆ ತೆಗೆದದ್ದಾಯಿತು. ಜೀವಕೋಶ ಬೆಳೆಸುವ ಚಿಕ್ಕ ಮೇಡಂ, ಮೂವತ್ತರ ಹೆಂಗಸು, ಭಾನುವಾರವೆನ್ನದೆ ಬಂದು ಅವಕ್ಕೆ ಆಹಾರ ಬದಲಿಸಿ ಬಾಣಂತನ ಮಾಡಿದ ಹಾಗೆ ನೋಡಿಕೊಂಡಳು.

ಬೇಸಿನ್ ಅಕ್ಕ ಅವನಿಗಾಗಿ ಮೂವತ್ತಾರು ಬಿಲ್ಲೆಗಳ ಒಂದು ತಂಡ ಮಾಡಿದಳು. ಹಳೆಯ ಸ್ಪಂಜು ಮುಗಿದು ಹೊಸ ಸುರುಳಿ ಬಂದಿತ್ತು. ಕೈಗೆ ಸ್ವಲ್ಪ ಬಿಗಿ ಅನ್ನಿಸಿತು, ಆದರೂ ಅದ್ದಿದಳು, ಹಿಂಡಿದಳು, ಊದಿದಳು. ಪ್ರತಿ ತಂಡದಲ್ಲಿ ತಟ್ಟೆಗೆ ಒಂದರಂತೆ ಮೂರು ಬಿಲ್ಲೆಗಳನ್ನು ಒಡೆದು, ಭೂತಗನ್ನಡಿಯ ಕೆಳಗೆ ಒಳಗಿನ ತೂತುಗಳನ್ನು ನೋಡಬೇಕೆಂಬುದು ನಿಯಮ. ನೋಡಿದ ಮೇಲೆ ಹಾಳೆಯಲ್ಲಿ "ಒಡೆದು ನೋಡಲಾಗಿದೆ" ಎಂಬ ಸಾಲಿನ ಮುಂದೆ ಬಿಲ್ಲೆಗೊಂದು ಸಹಿ.

ಭಟ್ಟಿಯಿಂದ ತಟ್ಟೆ ತೆಗೆದದ್ದು ಮಧ್ಯಾಹ್ನ ಎರಡೂವರೆಗೆ. ಬಿಲ್ಲೆಗಳು ಬೆಳ್ಳಗೆ, ಒಂದೂ ಸೀಳಿಲ್ಲದೆ ಬಂದಿದ್ದವು. ಮೇಜಿನ ಮುಂದೆ ಕೂರುವಷ್ಟರಲ್ಲಿ ಪಕ್ಕದ ಮನೆಯಾಕೆಯ ಫೋನು. "ಬೇಗ ಬನ್ನಿ, ಯಜಮಾನರಿಗೆ ಎದ್ದು ಕೂರೋಕೇ ಆಗ್ತಿಲ್ಲ, ತುಟಿ ನೀಲಿಗಟ್ಟಿದೆ." ಅವಳು ಹಾಳೆಯ ಮೂರೂ ಮನೆಗಳಲ್ಲಿ ಸಹಿ ಹಾಕಿದಳು. ಡಬ್ಬಿಗಳನ್ನು ಚಿಕ್ಕ ಮೇಡಂ ಕೈಗೆ ಕೊಟ್ಟಳು, ಓಡಿದಳು. ಒಂದನ್ನೂ ಒಡೆದಿರಲಿಲ್ಲ.

ಮೇಸ್ತ್ರಿ ಆ ಸಲ ಉಳಿದ. ಯಂತ್ರದ ಕೊಳವೆ ಮಡಚಿಕೊಂಡು ಗಾಳಿ ನಿಂತಿತ್ತು, ಜೊತೆಗೆ ಜ್ವರ. ನಾಲ್ಕು ದಿನ ರಜೆ ಹಾಕಿ ಅವನನ್ನು ನೋಡಿಕೊಂಡಳು. ಆ ನಾಲ್ಕು ದಿನದಲ್ಲಿ ಒಡೆಯದ ಬಿಲ್ಲೆ ಅವಳ ನೆನಪಿಗೆ ಒಮ್ಮೆಯೂ ಬರಲಿಲ್ಲ. ಹಿಂತಿರುಗುವ ಹೊತ್ತಿಗೆ ಹನ್ನೆರಡು ಬಿಲ್ಲೆಗಳನ್ನು ಆರಿಸಿ, ಕ್ರಿಮಿಶುದ್ಧ ಮಾಡಿ, ಲಿಫ್ಟಿನವನ ಜೀವಕೋಶಗಳನ್ನು ಅವುಗಳ ಮೇಲೆ ಬಿಟ್ಟಾಗಿತ್ತು. ಆಪರೇಷನ್ನಿನ ದಿನವೂ ಗೊತ್ತಾಗಿತ್ತು.

ಅದಕ್ಕೆ ಇನ್ನು ಐದು ದಿನ ಇರುವಾಗ ಅವಳು ಮುಂದಿನ ರೋಗಿಗೆಂದು ಮಾಡಿದ ಹೊಸ ತಂಡವನ್ನು ಭಟ್ಟಿಯಿಂದ ತೆಗೆದಳು. ಸ್ಪಂಜು ಅದೇ ಸುರುಳಿಯದು. ಒಂದನ್ನು ಒಡೆದು ಭೂತಗನ್ನಡಿಯ ಕೆಳಗಿಟ್ಟಳು. ಹೊರಗೆ ಬಾಯಿ ತೆರೆದ ತೂತುಗಳು, ನಡುವೆ ಮಾತ್ರ ಗೋಡೆಗೆ ಸುಣ್ಣ ಬಳಿದ ಹಾಗೆ ನುಣ್ಣಗೆ ಮುಚ್ಚಿತ್ತು. ಹೊಸ ಸ್ಪಂಜಿನ ಕಣ್ಣು ಸಣ್ಣದು, ನಡುವಿನ ದ್ರಾವಣ ಊದಿದ ಗಾಳಿಗೆ ಹೊರಬಂದಿರಲಿಲ್ಲ. ಆಗ ಹಿಂದಿನ ತಂಡ ನೆನಪಾಯಿತು. ಸಹಿಯೂ ನೆನಪಾಯಿತು.

ಮಿಕ್ಕಿದ್ದ ಇಪ್ಪತ್ತನಾಲ್ಕು ಬಿಲ್ಲೆಗಳ ಡಬ್ಬಿ ಬೀರುವಿನಲ್ಲೇ ಇತ್ತು. ಒಂದನ್ನು ತೆಗೆದು ಒಡೆದಳು. ಪರವಾಗಿಲ್ಲ, ತೆರೆದೇ ಇತ್ತು. ಹೋದ ಜೀವ ಬಂದಂತಾಯಿತು. ಎರಡನೆಯದು ಮುಚ್ಚಿತ್ತು. ಮೂರನೆಯದೂ ಮುಚ್ಚಿತ್ತು. ನಾಲ್ಕನೆಯದನ್ನು ಒಡೆಯುವ ಧೈರ್ಯವಾಗದೆ ಡಬ್ಬಿ ಮುಚ್ಚಿ ಕೂತುಬಿಟ್ಟಳು.

ಯಾರಿಗೂ ಗೊತ್ತಾಗುವಂತಿರಲಿಲ್ಲ. ಹೊರಗಿನಿಂದ ನೋಡಿದರೆ ಮುತ್ತಿನಂಥ ಬಿಲ್ಲೆಗಳು. ನಾಳೆ ಲಿಫ್ಟಿನವನ ಮೂಳೆ ಕೂಡದಿದ್ದರೆ ಹತ್ತು ಕಾರಣ ಸಿಗುತ್ತವೆ. ಅವನು ಬೀಡಿ ಸೇದುತ್ತಿದ್ದ, ಹಳೆಯ ಕೀವು, ರಕ್ತದ ಓಟ ಸಾಲದು. ನಡುವೆ ಸತ್ತ ಜೀವಕೋಶಗಳ ಕಡೆ ಯಾರೂ ಬೆರಳು ತೋರಿಸುವುದಿಲ್ಲ. ಅವಳಿಗೆ ಅಳು ಬರಲಿಲ್ಲ. ಬಂದದ್ದು ನಿದ್ದೆ. ಆ ಮೇಜಿನ ಮೇಲೆ ತಲೆಯಿಟ್ಟು ಒಂದು ವಾರ ಮಲಗಿಬಿಟ್ಟರೆ ಸಾಕು ಅನ್ನಿಸುವಂಥ ನಿದ್ದೆ. ಮನೆಗೆ ಹೋಗುವ ಹೊತ್ತಾಯಿತು, ಎದ್ದು ಹೋದಳು.

ಸಂಜೆ ಗಂಡನಿಗೆ ಊಟ ಬಡಿಸಿ, ತಟ್ಟೆ ಅವನ ತೊಡೆಯ ಮೇಲಿಟ್ಟು, ಎಲ್ಲ ಹೇಳಿದಳು.

"ಕಾರ್ಖಾನೇಲಿ ಎಷ್ಟು ಸಲ ಹೀಗೆ ಆಗಿದೆ," ಅಂದ ಅವನು. "ನೋಡದೇನೇ ಸಹಿ ಹಾಕ್ತಿದ್ವಿ."

"ಬೇಸಿನ್ನು ಸೋರಿದ್ರೆ ನೆಲ ಒರೆಸ್ಕೋತಾರೆ ರೀ. ಇದು ಅವನ ಕಾಲು."

"ಹೇಳಿದ್ರೆ ಏನಾಗುತ್ತೆ?"

"ಏನು ಬೇಕಾದ್ರೂ ಆಗಬಹುದು. ಕೆಲಸದಿಂದ ತೆಗೀಬಹುದು."

ಅವನು ಕೊಳವೆ ಸರಿಮಾಡಿಕೊಂಡ. ಪಕ್ಕದಲ್ಲಿ ಯಂತ್ರ ಗುರ್ ಎನ್ನುತ್ತಿತ್ತು. ಕೆಲಸ ಹೋದರೆ ಆ ಯಂತ್ರವೂ ವಾಪಸು ಹೋಗುತ್ತದೆಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿಬಿಡಲಿಲ್ಲ. ಎರಡು ತುತ್ತು ತಿಂದು ತಟ್ಟೆ ಪಕ್ಕಕ್ಕಿಟ್ಟ.

"ನನ್ನನ್ನ ಕೇಳಬೇಡ ಕಣೇ. ನಾನೇನು ಹೇಳಿದ್ರೂ ಅದು ನನ್ನ ಉಸಿರಿನ ಆಸೆಗೆ ಹೇಳಿದ ಹಾಗೆ ಆಗುತ್ತೆ."

ಅವಳು ಪಾತ್ರೆ ತೊಳೆದಳು.

ಮರುದಿನ ದೊಡ್ಡ ಮೇಡಂ ಕೋಣೆಗೆ ಹೋದಾಗ ಚಿಕ್ಕ ಮೇಡಂ ಅಲ್ಲೇ ಇದ್ದಳು. ಬೇಸಿನ್ ಅಕ್ಕ ಬಾಗಿಲ ಬಳಿ ನಿಂತೇ ಹೇಳಿದಳು. ಸುತ್ತಿ ಬಳಸಿ ಹೇಳುವ ತ್ರಾಣವಿರಲಿಲ್ಲ.

"ಲಿಫ್ಟಿನವರ ತಂಡದ್ದು ನಾನು ಒಡೆದು ನೋಡಿರಲಿಲ್ಲ ಮೇಡಂ. ನೋಡಿದೀನಿ ಅಂತ ಸಹಿ ಹಾಕಿದ್ದೆ. ನಿನ್ನೆ ಉಳಿದಿದ್ರಲ್ಲಿ ಮೂರು ಒಡೆದೆ. ಎರಡು ಒಳಗೆ ಮುಚ್ಚಿವೆ."

ಮೊದಲು ಬಾಯಿಬಿಟ್ಟವಳು ಚಿಕ್ಕ ಮೇಡಂ.

"ಒಂದು ತಿಂಗಳು ಅಕ್ಕ! ಒಂದು ತಿಂಗಳಿಂದ ಒಂದು ಭಾನುವಾರ ಮನೇಲಿ ಕೂತಿಲ್ಲ ನಾನು. ಒಂದು ಒಡೆಯೋಕೆ ಎರಡು ನಿಮಿಷ ಸಾಕಿತ್ತಲ್ಲ ನಿಮಗೆ?"

"ಸಾಕಿತ್ತು," ಅಂದಳು ಬೇಸಿನ್ ಅಕ್ಕ.

ಗಂಡನಿಗೆ ಹುಷಾರಿರಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಹೇಳಿದ್ದರೆ ಇಬ್ಬರೂ ಮೆತ್ತಗಾಗುತ್ತಿದ್ದರು, ಅವರನ್ನು ಮೆತ್ತಗೆ ಮಾಡಿಕೊಂಡು ತಪ್ಪಿಸಿಕೊಂಡ ಹಾಗಾಗುತ್ತಿತ್ತು. ಅದು ಅವಳ ಸ್ವಾಭಿಮಾನವೋ ಸುಸ್ತೋ ಅವಳಿಗೇ ಗೊತ್ತಾಗಲಿಲ್ಲ.

ದೊಡ್ಡ ಮೇಡಂ ಕೂಗಾಡಲಿಲ್ಲ. ಹನ್ನೆರಡರಲ್ಲಿ ಎರಡು ಬಿಲ್ಲೆ ತೆಗೆದು ಅಡ್ಡ ಸೀಳಿ ನೋಡೋಣ ಎಂದರು. ಬದುಕಿರುವ ಜೀವಕೋಶಗಳು ಹಸಿರಾಗಿ ಕಾಣುವಂಥ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಬೇಸಿನ್ ಅಕ್ಕನನ್ನೂ ಕರೆದು ತೋರಿಸಿದರು. ಅಂಚಿನ ಸುತ್ತ ಎಳೆ ಹುಲ್ಲಿನ ಹಾಗೆ ಹಸಿರು, ನಡುವೆ ಕಗ್ಗತ್ತಲೆ. ಎರಡನೆಯದೂ ಹಾಗೇ. ಅವಳು ಕಣ್ಣು ತೆಗೆಯದೆ ಬಹಳ ಹೊತ್ತು ನೋಡಿದಳು. ಮೂರು ವರ್ಷ ಬಿಲ್ಲೆಗಳನ್ನೇನೋ ಮಾಡಿದ್ದಳು, ಒಳಗೆ ವಾಸವಿದ್ದವರನ್ನು ಕಂಡದ್ದು ಅಂದೇ ಮೊದಲು.

ಆಪರೇಷನ್ ರದ್ದಾಯಿತು. ಕಾದಿಟ್ಟಿದ್ದ ಜೀವಕೋಶ ಸಾಲುವಷ್ಟಿರಲಿಲ್ಲ. ಮತ್ತೆ ಸೊಂಟಕ್ಕೆ ಸೂಜಿ ಹಾಕಿ ಮಜ್ಜೆ ತೆಗೆಯಬೇಕು, ಮೊದಲಿನಿಂದ ಬೆಳೆಸಬೇಕು. ಲಿಫ್ಟಿನವನು ಆಗಲೇ ವಾರ್ಡಿಗೆ ಸೇರಿದ್ದ. ಅವನಿಗೆ ಹೇಳುವುದು ಮೂಳೆ ಡಾಕ್ಟರ ಕೆಲಸ.

"ನಾನೂ ಬರ್ತೀನಿ," ಅಂದಳು ಬೇಸಿನ್ ಅಕ್ಕ.

"ನೀವು ಬರಬೇಕು ಅಂತೇನಿಲ್ಲ," ಅಂದರು ದೊಡ್ಡ ಮೇಡಂ.

"ಗೊತ್ತು ಮೇಡಂ."

ವಾರ್ಡಿನಲ್ಲಿ ಹದಿನಾರು ಮಂಚ. ಅವನದು ಕಿಟಕಿಯ ಪಕ್ಕದ್ದು. ಮೂಳೆ ಡಾಕ್ಟರು ನಿಂತ ನಿಲುವಿನಲ್ಲೇ ವಿಷಯ ಹೇಳಿ, "ತಯಾರಿಕೆಯಲ್ಲಿ ಒಂದು ದೋಷ" ಎಂದು ಮುಗಿಸಿ, ಮುಂದಿನ ಮಂಚಕ್ಕೆ ಹೋದರು. ಅವಳು ಅಲ್ಲೇ ಉಳಿದಳು. ಅವನು ಈಕೆ ಯಾರೆಂದು ನೋಡಿದ.

"ದೋಷ ಅಂದ್ರಲ್ಲ, ಅದು ನನ್ನದು," ಅಂದಳು. "ಬಿಲ್ಲೆ ಮಾಡೋಳು ನಾನೇ. ಒಡೆದು ನೋಡಬೇಕಿತ್ತು, ನೋಡ್ದೆ ಸಹಿ ಹಾಕಿದ್ದೆ."

ಅವನ ಮುಖ ಕೆಂಪೇರಿತು. "ಸೊಂಟಕ್ಕೆ ಸೂಜಿ ಚುಚ್ಚಿಸ್ಕೊಂಡಿದೀರಾ ನೀವು ಯಾವತ್ತಾದ್ರೂ? ಸ್ಕ್ರೂ ಹಾಕಿ ತಿರುವಿದ ಹಾಗಿರುತ್ತೆ. ನಾಲ್ಕು ದಿನ ಮಗ್ಗುಲು ಬದಲಾಯಿಸೋಕೆ ಆಗಲಿಲ್ಲ ನನಗೆ. ಮತ್ತೆ ಅದೇ?"

"ಮತ್ತೆ ಅದೇ."

"ನನ್ನ ಹೆಂಡತಿ ರಜ ಹಾಕಿ ಬರ್ತಾ ಇದ್ದಾಳೆ. ಅವಳಿಗೇನು ಹೇಳಲಿ? ಮೇಷ್ಟ್ರು ಹೋಂವರ್ಕ್ ನೋಡಿಲ್ಲ ಅಂತ ಹೇಳಲಾ?"

ಪಕ್ಕದ ಮಂಚದವನು ಕಿಸಕ್ಕನೆ ನಕ್ಕ. ಬೇಸಿನ್ ಅಕ್ಕನಿಗೆ ಕಾಲು ನೋಯುತ್ತಿತ್ತು, ಆದರೆ ಸ್ಟೂಲಿನ ಮೇಲೆ ಕೂರುವ ಹಕ್ಕು ತನಗಿಲ್ಲ ಅನ್ನಿಸಿ ನಿಂತೇ ಇದ್ದಳು. ಅವನು ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡಿದ. ಎಷ್ಟೋ ಹೊತ್ತಾದ ಮೇಲೆ, ಇನ್ನೂ ಇದ್ದೀಯಾ ಎಂಬಂತೆ ಅವಳ ಕಡೆ ತಿರುಗಿದ.

"ಯಾಕೆ ನೋಡಲಿಲ್ಲ?"

"ಮನೆಯಿಂದ ಫೋನ್ ಬಂತು. ಯಜಮಾನರಿಗೆ ಉಸಿರಿನ ತೊಂದರೆ." ಇವನಿಗಾದರೂ ಹೇಳಬೇಕಾಗಿತ್ತು, ಕೇಳಿದನಲ್ಲ.

ಅವನು ಕಾಲಿನ ಉಂಗುರದ ಮೇಲೆ ಬೆರಳಾಡಿಸುತ್ತ ಕೂತ. ಆಮೇಲೆ ದನಿ ತಗ್ಗಿಸಿ ಮಾತಾಡಿದ.

"ಲಿಫ್ಟ್ ಒಳಗೆ ಒಂದು ಕಾರ್ಡ್ ನೇತು ಹಾಕಿರ್ತೀವಿ. ತಿಂಗಳಿಗೊಂದು ಸಲ ಗುಂಡಿಗೆ ಇಳಿದು ನೋಡಿ ಸಹಿ ಹಾಕಬೇಕು. ಒಂದೇ ದಿನ ಇಪ್ಪತ್ತು ಲಿಫ್ಟ್ ಕೊಟ್ರೆ ಯಾವ ನನ್ಮಗ ಗುಂಡಿಗೆ ಇಳೀತಾನೆ? ನಾನು ಬಿದ್ದೆನಲ್ಲ, ಆ ಗುಂಡಿ ಏಣಿದು ಒಂದು ಬೋಲ್ಟ್ ಇರಲಿಲ್ಲ. ಹಿಂದಿನ ತಿಂಗಳು ಸರಿ ಇದೆ ಅಂತ ಸಹಿ ಬಿದ್ದಿತ್ತು." ಪಕ್ಕದ ಮಂಚದ ಕಡೆ ಒಮ್ಮೆ ನೋಡಿದ. "ಸಹಿ ನನ್ನದೇ."

ಅವಳು ಅವನ ಕಾಲಿನ ಉಂಗುರದ ಕಡೆ ನೋಡಿದಳು.

"ಇದನ್ನ ಇನ್ನೂ ಯಾರಿಗೂ ಹೇಳಿಲ್ಲ. ಹೆಂಡತಿಗೂ ಹೇಳಿಲ್ಲ. ಹಾಗಂತ ನಿಮ್ಮ ಮೇಲೆ ಕೋಪ ಇಲ್ಲ ಅಂದ್ಕೋಬೇಡಿ. ಕೋಪ ಇದೆ."

"ಇರಲಿ."

"ಕೂತ್ಕೊಳ್ಳಿ ಅಕ್ಕ. ನಿಂತಿರೋದು ನೋಡಿದ್ರೆ ನನ್ನ ಕಾಲು ನೋಯುತ್ತೆ."

ಅವಳು ಕೂತಳು.

ಕೆಲಸ ಹೋಗಲಿಲ್ಲ. ವಿಚಾರಣೆ ಎಂದು ಮೂವರು ಕೂತು ಅವಳನ್ನು ಒಂದು ಗಂಟೆ ಪ್ರಶ್ನೆ ಕೇಳಿದರು. ಎಚ್ಚರಿಕೆಯ ಪತ್ರವೊಂದು ಅವಳ ಫೈಲಿಗೆ ಸೇರಿತು. ಇನ್ನು ಮುಂದೆ ಬಿಲ್ಲೆ ಒಡೆಯುವಾಗ ಇಬ್ಬರು ಇರಬೇಕು, ಇಬ್ಬರದೂ ಸಹಿ ಬೇಕು ಎಂದಾಯಿತು. ದೊಡ್ಡ ಮೇಡಂ ಪತ್ರ ಕೊಡುವಾಗ, "ನಿಮ್ಮನ್ನ ಬಿಟ್ರೆ ಈ ಕೆಲಸಕ್ಕೆ ಇನ್ಯಾರೂ ಇಲ್ಲ, ಅದಕ್ಕೇ ಉಳಿದ್ರಿ," ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಯಂತ್ರ ಮನೆಯಲ್ಲೇ ಉಳಿಯಿತು. ಮೇಸ್ತ್ರಿಗೆ ಹೇಳಿದಾಗ ಅವನು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದ. ನಿದ್ದೆ ಹೋದನೆಂದುಕೊಂಡಳು. "ದ್ರಾವಣಕ್ಕೆ ಒಂಚೂರು ನೀರು ಜಾಸ್ತಿ ಮಾಡು, ಎರಡು ಸಲ ತೆಳ್ಳಗೆ ಅದ್ದು" ಎಂದಾಗ ಎಚ್ಚರವಿದ್ದಾನೆಂದು ತಿಳಿಯಿತು.

ಹೊಸ ಸ್ಪಂಜು ವಾಪಸು ಹೋಗಿ ಹಳೆಯ ಬಗೆಯದೇ ಬಂತು. ಮೇಸ್ತ್ರಿ ಹೇಳಿದಂತೆ ಎರಡು ಸಲ ತೆಳ್ಳಗೆ ಅದ್ದಿದಳು. ಮೂರರ ಬದಲು ಆರು ಬಿಲ್ಲೆ ಒಡೆದಳು. ಪಕ್ಕದಲ್ಲಿ ಚಿಕ್ಕ ಮೇಡಂ ಕೈಕಟ್ಟಿ ನಿಂತಿದ್ದಳು. ಮೊದಲ ವಾರಗಳಲ್ಲಿ ಆಕೆ ಸಹಿ ಹಾಕುವಷ್ಟಕ್ಕೆ ಮಾತ್ರ ಬಂದು ಹೋಗುತ್ತಿದ್ದಳು. ಕ್ರಮೇಣ ಅವಳಿಗೂ ಕೋಪ ಕಾಯ್ದುಕೊಳ್ಳುವುದು ಬೇಜಾರಾಗಿರಬೇಕು, ಒಂದು ದಿನ ಎರಡು ಲೋಟ ಚಹಾ ತಂದಿಟ್ಟಳು.

ಲಿಫ್ಟಿನವನ ಆಪರೇಷನ್ ಹತ್ತು ವಾರ ತಡವಾಗಿ ನಡೆಯಿತು. ಅದನ್ನು ನೋಡುವ ಅವಕಾಶ ಬೇಸಿನ್ ಅಕ್ಕನಿಗಿರಲಿಲ್ಲ. ಆಮೇಲಿನ ಎಕ್ಸರೇಗಳನ್ನು ಮಾತ್ರ ದೊಡ್ಡ ಮೇಡಂ ಕರೆದು ತೋರಿಸುತ್ತಿದ್ದರು. ಮೂರು ತಿಂಗಳಿಗೆ ಏನೂ ಇಲ್ಲ, ಕಂದಕದಲ್ಲಿ ಅವಳ ಬಿಲ್ಲೆಗಳು ಜಲ್ಲಿಕಲ್ಲಿನ ಹಾಗೆ ಬಿದ್ದುಕೊಂಡಿದ್ದವು. ಆರು ತಿಂಗಳಿಗೆ ಅವುಗಳ ಸುತ್ತ ಮಂಜು ಕವಿದಂತೆ ಏನೋ ಕಂಡಿತು. ಅದು ಮೂಳೆಯೋ ಕಣ್ಣಿನ ಭ್ರಮೆಯೋ ಎಂದು ಮೂಳೆ ಡಾಕ್ಟರು, ದೊಡ್ಡ ಮೇಡಂ ಇಬ್ಬರೂ ಜಗಳವಾಡಿದರು. ಹದಿನಾಲ್ಕನೆಯ ತಿಂಗಳಿಗೆ ಮೇಲಿನ ಮೂಳೆಯಿಂದ ಕೆಳಗಿನದಕ್ಕೆ ಬಿಳಿ ಗೆರೆ ಕೂಡಿತ್ತು. ಉಂಗುರ ಬಿಚ್ಚಿದರು. ಕಾಲು ಅರ್ಧ ಬೆರಳಷ್ಟು ಗಿಡ್ಡ, ಮಂಡಿ ಪೂರ್ತಿ ಮಡಚುವುದಿಲ್ಲ, ಕೈಯಲ್ಲಿ ಕೋಲು. ಗುಂಡಿ ಏಣಿ ಹತ್ತಿಳಿಯುವ ಕೆಲಸ ಇನ್ನು ಆಗದು. ಅವನ ಕಂಪನಿ ಅವನನ್ನು ಆಫೀಸಿನಲ್ಲಿ ಕೂರಿಸಿ ದೂರಿನ ಫೋನು ಎತ್ತುವುದಕ್ಕೆ ಹಾಕಿತು.

ಆರು ಜನರಲ್ಲಿ ನಾಲ್ವರಿಗೆ ಮೂಳೆ ಕೂಡಿತು. ಒಬ್ಬಳಿಗೆ ಕೀವಾಗಿ ಎಲ್ಲ ತೆಗೆಯಬೇಕಾಯಿತು. ಇನ್ನೊಬ್ಬ ಎರಡನೆಯ ಎಕ್ಸರೇಗೆ ಬರಲೇ ಇಲ್ಲ, ಫೋನು ಮಾಡಿದರೆ ನಂಬರು ಬೇರೆ ಯಾರದೋ ಆಗಿತ್ತು. ದೊಡ್ಡ ಮೇಡಂ ವರದಿ ಬರೆದು ಕಳಿಸಿದರು. ಮೆಚ್ಚಿದವರು ಮೆಚ್ಚಿದರು. ಅಷ್ಟರಲ್ಲಿ ಬೇರೆ ಕಡೆ ಸಿರಿಂಜಿನಲ್ಲಿ ತುಂಬಿ ಕಂದಕಕ್ಕೆ ಹಿಂಡಬಹುದಾದ ಅಂಟಿನಂಥದ್ದು ಬಂದಿತ್ತು, ಜೀವಕೋಶಗಳನ್ನು ಅದರಲ್ಲೇ ಕದಡಿ ಬಿಡಬಹುದು. ಮುಂದಿನ ಯೋಜನೆ ಅದರದ್ದೇ ಆಯಿತು. ಭಟ್ಟಿ ಬೇಕಿರಲಿಲ್ಲ. ಬೇಸಿನ್ ಅಕ್ಕನನ್ನು ಗಾಜಿನ ಸಾಮಾನು ತೊಳೆಯುವ ಕೋಣೆಗೆ ಹಾಕಿದರು. ಅವಳಿಗೆ ಬೇಸರವಾಗಬೇಕಿತ್ತು, ಆಗಲಿಲ್ಲ. ಅಲ್ಲಿ ಕೂತು ಮಾಡುವ ಕೆಲಸವಿತ್ತು.

ಕೊನೆಯ ತಪಾಸಣೆಗೆ ಬಂದಾಗ ಲಿಫ್ಟಿನವನು ಅವಳನ್ನು ಹುಡುಕಿಕೊಂಡು ಆ ಕೋಣೆಗೆ ಬಂದ. ಸೋಪುನೀರು ಚೆಲ್ಲಿದ ನೆಲದ ಮೇಲೆ ಕೋಲು ಜಾರದ ಹಾಗೆ ನೋಡಿಕೊಳ್ಳುತ್ತ ಬಾಗಿಲಲ್ಲೇ ನಿಂತ.

"ಅಕ್ಕ, ನೀವು ಮಾಡಿದ್ದು ಇನ್ನೂ ಒಳಗಿದೆಯಾ?"

"ಸ್ವಲ್ಪ ಇರಬಹುದು. ಕರಗ್ತಾ ಇದೆಯಂತೆ."

"ಪೂರ್ತಿ ಕರಗುತ್ತಾ?"

"ಒಂದೆರಡು ವರ್ಷ ಹಿಡಿಯುತ್ತೆ ಅಂತಾರೆ. ಕಾಲು ಹೇಗಿದೆ?"

"ಚಳಿಗೆ ನೋಯುತ್ತೆ. ಮೆಟ್ಟಿಲು ಇಳಿಯೋವಾಗ ಹೆದರಿಕೆ." ಕೋಲನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ. "ಹೆಂಡತಿಗೆ ಹೇಳಿದೆ ಅಕ್ಕ, ಆ ಸಹಿ ವಿಷಯ. ಮೂರು ದಿನ ಮಾತು ಬಿಟ್ಟಳು. ಈಗ ಪರವಾಗಿಲ್ಲ." ಯಜಮಾನರು ಹೇಗಿದ್ದಾರೆ ಎಂದು ಕೇಳಿದ.

"ಇದ್ದಾರೆ. ಈಗ ಮಂಚದಿಂದ ಬಚ್ಚಲಿಗೆ ಹೋಗೋದೇ ಒಂದು ಪ್ರಯಾಣ."

ಅವನು ತಲೆಯಾಡಿಸಿ ಹೊರಟ. ಓಣಿಯ ಕೊನೆಯವರೆಗೂ ಕೋಲಿನ ಸದ್ದು ಕೇಳಿಸಿತು. ಅವಳು ಮಿಕ್ಕ ಸೀಸೆಗಳನ್ನು ತೊಳೆದು, ಬೋರಲು ಹಾಕಿ, ಕೈ ಒರೆಸಿಕೊಂಡು ಹೊರಟಳು.

ಆ ಸಂಜೆ ಎರಡನೆಯ ಬಸ್ಸಿನಲ್ಲಿ ಅಪರೂಪಕ್ಕೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ತಲೆ ಒರಗಿಸಿದ್ದೊಂದೇ ನೆನಪು. ಕಂಡಕ್ಟರು ಭುಜ ತಟ್ಟಿ ಎಬ್ಬಿಸಿದಾಗ ಬಸ್ಸು ಖಾಲಿ, ಕೊನೆಯ ನಿಲ್ದಾಣ.

"ಎಲ್ಲಿ ಇಳೀಬೇಕಿತ್ತಮ್ಮ?"

ಹೇಳಿದಳು.

"ಅಯ್ಯೋ, ಅದು ದಾಟಿ ಮೂರು ಸ್ಟಾಪಾಯ್ತು. ಎಬ್ಬಿಸೋಣ ಅಂದ್ಕೊಂಡೆ, ಅಷ್ಟು ಚೆನ್ನಾಗಿ ಮಲಗಿದ್ರಿ."

ಅವಳು ಇಳಿದು ಮನೆಗೆ ಫೋನು ಮಾಡಿದಳು. ತಡವಾಗುತ್ತದೆ, ನಿದ್ದೆ ಹತ್ತಿಬಿಟ್ಟಿತ್ತು ಎಂದಳು. ಆ ಕಡೆಯಿಂದ ಮೇಸ್ತ್ರಿ ಉಸಿರು ತೆಗೆದುಕೊಂಡು, "ಎಷ್ಟು ಹೊತ್ತು ಮಲಗಿದ್ದೆ?" ಎಂದು ಕೇಳಿದ.

"ಅರ್ಧ ಗಂಟೆ ಇರಬಹುದು."

"ಒಳ್ಳೇದಾಯ್ತು," ಅಂದ. "ನಿಧಾನಕ್ಕೆ ಬಾ."

ಅವಳು ಫೋನನ್ನು ಚೀಲಕ್ಕೆ ಹಾಕಿಕೊಂಡು, ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯತೊಡಗಿದಳು.